ಹಾಲಮ್ಮನವರನ್ನು ನಾನು ಕೇಳಲೇ ಇಲ್ಲ

ಸುಧಮ್ಮ, ನಿಮ್ಮವ್ವ ನಿಮ್ಮನ್ನು ಬೇಡ ಅನ್ನಲಿಲ್ಲ. ನಾನು ಅವರನ್ನು ಕೇಳಲೇ ಇಲ್ಲ. ಒಂಬತ್ತು ವರ್ಷದಿಂದ ನೀವು ನಂಬಿಕೊಂಡು ಬಂದ ಮಾತು ನನ್ನದು — ಮೆಟ್ಟಿಲ ಮೇಲೆ ನಿಂತು ನಾನೇ ಹುಟ್ಟಿಸಿದ್ದು.

ನನ್ನ ಹೆಸರು ಹನುಮಂತಪ್ಪ, ಹರಿಹರದವನು. ಆಗ ದಾವಣಗೆರೆಯ ಪಿ.ಜೆ. ಬಡಾವಣೆಯ ಒಂದು ನರ್ಸಿಂಗ್ ಹೋಮಿನಲ್ಲಿ ಗೇಟು ಕಾಯುತ್ತಿದ್ದೆ. ಒಬ್ಬ ರೋಗಿಗೆ ಒಂದೇ ಪಾಸು. ಉಳಿದವರು ರಿಜಿಸ್ಟರಿನಲ್ಲಿ ಹೆಸರು, ವಿಳಾಸ ಬರೆದು ಹೊರಗೆ ಬೆಂಚಿನ ಮೇಲೆ ಕೂರಬೇಕು. ಒಳಗಿದ್ದವರು ಇಳಿದು ಬಂದು ಪಾಸು ಕೊಟ್ಟರೆ, ಇಲ್ಲವೇ ರೋಗಿಯೇ ಹೇಳಿಕಳಿಸಿದರೆ ಮಾತ್ರ ಒಳಗೆ. ಕಾರಿನಲ್ಲಿ ಬಂದವರೂ "ಅಣ್ಣಾ, ಒಂದೇ ನಿಮಿಷ" ಎಂದು ನನ್ನನ್ನು ಬೇಡಿಕೊಳ್ಳುತ್ತಿದ್ದರು. ಹೇಳಲು ನಾಚಿಕೆಯಾಗುತ್ತದೆ — ಅದು ನನಗೆ ಹಿತವಾಗಿತ್ತು.

ಎದೆನೋವೆಂದು ನಿಮ್ಮವ್ವ ಹಾಲಮ್ಮನವರನ್ನು ಭಾನುವಳ್ಳಿಯಿಂದ ಕರೆತಂದ ದಿನವೇ ನಿಮ್ಮಣ್ಣ ಮಂಜಣ್ಣ ನನ್ನ ಪಕ್ಕ ಬಂದು ನಿಂತ. "ನನ್ನ ತಂಗಿ ಬರ್ತಾಳೆ. ಬ್ಯಾರೆ ಜಾತಿಯವನನ್ನ ಕಟ್ಕೊಂಡು ಹೋದೋಳು. ಅವ್ವನ ಹತ್ರ ಬಿಡಬ್ಯಾಡ್ರಿ. ನಮ್ಮನಿ ಮರ್ಯಾದಿ ನಿಮ್ಮ ಕೈಯಾಗೈತೆ," ಅಂದ. ಪಾಸು ಅವನ ಜೇಬಿನಲ್ಲಿತ್ತು. ಅದನ್ನು ಕೊಡದಿದ್ದ ತಪ್ಪು ಅವನದು. ನನ್ನ ತಪ್ಪು ಅದರ ಮುಂದಿನದು.

ಎರಡು ದಿನ ನೀವು ಬೆಳಿಗ್ಗೆಯಿಂದ ಸಂಜೆವರೆಗೆ ಆ ಬೆಂಚಿನ ಮೇಲೆ ಕೂತಿರಿ. ಮೂರನೆಯ ದಿನ ಮಧ್ಯಾಹ್ನ ಎದ್ದು ಬಂದು, ಎಲ್ಲರೆದುರಿಗೆ ನನ್ನ ಮೇಜಿಗೆ ಕೈಯೂರಿ ನಿಂತಿರಿ.

"ನಮ್ಮಣ್ಣನ ಮಾತು ನನಗೆ ಬ್ಯಾಡ. ನೀವೇ ಮ್ಯಾಲೆ ಹೋಗಿ ನಮ್ಮವ್ವನ್ನ ಕೇಳ್ರಿ. ಅವ್ವನೇ ಬ್ಯಾಡ ಅಂದ್ರೆ ಮತ್ತೆ ಈ ಕಡೆ ತಲೆ ಹಾಕಲ್ಲ."

ಜನ ನೋಡುತ್ತಿದ್ದರು. ಬೆಂಚಿನ ಮೇಲಿದ್ದ ಅಜ್ಜನೊಬ್ಬ, "ಕೇಳ್ಕಂಡು ಬಾರಪ್ಪ, ನಿನ್ನ ಗಂಟೇನು ಹೋಗ್ತೈತೆ," ಅಂದ. ಒಳಗೆ ಹೋದೆ. ಮೆಟ್ಟಿಲ ತಿರುವಿನಲ್ಲಿ ಕುಡಿಯುವ ನೀರಿನ ಫಿಲ್ಟರ್ ಇತ್ತು. ಅಲ್ಲಿ ನಿಂತುಬಿಟ್ಟೆ. ಇನ್ನು ಹನ್ನೆರಡು ಮೆಟ್ಟಿಲು, ಎಡಕ್ಕೆ ಎರಡನೇ ಕೋಣೆ — ಅಷ್ಟೇ. ಕೇಳಿದರೆ ಅವರು ಹೂಂ ಅಂದುಬಿಡುತ್ತಾರೆ ಎಂದು ನನಗೆ ಗೊತ್ತಿತ್ತು. ಹೆತ್ತವಳು ಹೇಗೆ ತಾನೇ... ಗೊತ್ತಿದ್ದೇ ನಿಂತೆ. ಹೂಂ ಅಂದರೆ ಎರಡು ದಿನ ತಡೆದವನು ಅಷ್ಟು ಜನರೆದುರು ಗೇಟು ತೆಗೆಯಬೇಕು. ಒಂದು ಲೋಟ ನೀರು ಕುಡಿದೆ. ಹೋಗಿ ಬರಲು ಬೇಕಾಗುವಷ್ಟು ಹೊತ್ತು ಅಲ್ಲೇ ಕಳೆದು ಕೆಳಗಿಳಿದೆ.

"ಕೇಳ್ದೆ. ಬ್ಯಾಡ ಅಂದ್ರು. ಹೋಗಮ್ಮ ಇನ್ನ."

ನೀವು ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ — ಗೊತ್ತಿಲ್ಲ, ಆಗಲೂ ನಾನು ಬಾಯಿ ಬಿಡುತ್ತಿರಲಿಲ್ಲವೇನೋ. ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಿರಿ. "ನುಚ್ಚು ಮಜ್ಜಿಗಿ ಐತೆ. ನಾ ತಂದಿದ್ದು ಅನ್ನಬ್ಯಾಡ್ರಿ, ಉಣ್ಲಿ," ಎಂದು ಗೇಟು ದಾಟಿ ಹೋದಿರಿ.

ಮನೆಯಿಂದ ಬಂದ ಊಟಕ್ಕೆ ಕೋಣೆಯ ನಂಬರಿನ ಚೀಟಿ ಅಂಟಿಸಿ ಆಯಾ ಕೈಯಲ್ಲಿ ಮೇಲೆ ಕಳಿಸುವುದೂ ನನ್ನ ಕೆಲಸವೇ. ಚೀಟಿ ಅಂಟಿಸಲು ಹೋದರೆ ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೆತ್ತಿಸಿದ ಹೆಸರು: ಸುಧಾ. ನೀವು ಕಾಲೇಜಿಗೆ ಹೋಗುವಾಗ ನಿಮ್ಮವ್ವನೇ ಅಂಗಡಿಯಲ್ಲಿ ನಿಂತು ಹಾಕಿಸಿದ್ದಿರಬೇಕು. ನಮ್ಮ ಮನೆಯ ಪಾತ್ರೆಗಳ ಮೇಲೂ ನನ್ನ ತಾಯಿ ಹೀಗೇ ಹಾಕಿಸಿದ್ದಳು. ಈ ಡಬ್ಬಿ ಮೇಲೆ ಹೋದರೆ ಮಗಳು ಬಾಗಿಲವರೆಗೆ ಬಂದಿದ್ದಾಳೆಂದು ಹಾಲಮ್ಮನವರಿಗೆ ತಿಳಿಯುತ್ತದೆ, ನನ್ನ ಸುಳ್ಳು ಬಯಲಾಗುತ್ತದೆ. ಡಬ್ಬಿಯನ್ನು ಮೇಜಿನ ಕೆಳಗೆ ತಳ್ಳಿದೆ.

ಸಂಜೆ ಅವರನ್ನು ಗಾಲಿಕುರ್ಚಿಯಲ್ಲಿ ಸ್ಕ್ಯಾನಿಂಗಿಗೆಂದು ಕೆಳಗೆ ತಂದರು. ನನ್ನ ಮೇಜಿನ ಹತ್ತಿರ ಬಂದಾಗ ಆಯಾಗೆ ಕೈಸನ್ನೆ ಮಾಡಿ ಕುರ್ಚಿ ನಿಲ್ಲಿಸಿದರು.

"ಸುಧಾ ಅಂತ ಬಂದಿದ್ಲೇನಪ್ಪಾ? ನನ್ನ ಮಗಳು."

ಡಬ್ಬಿ ನನ್ನ ಕಾಲಿಗೆ ತಗಲುತ್ತಿತ್ತು. "ಇಲ್ಲಮ್ಮ, ಯಾರೂ ಬಂದಿಲ್ಲ," ಅಂದೆ.

"ಬರ್ತಾಳೆ. ಬಂದ್ರೆ ಬಿಡಪ್ಪಾ," ಅಂದರು.

ಮರುದಿನ ಬೆಳಿಗ್ಗೆ ತೀರಿಕೊಂಡರು.

ಆಮೇಲೂ ನಾನು ನಿಮ್ಮನ್ನು ಹುಡುಕಿಕೊಂಡು ಬರಲಿಲ್ಲ. ಕಳೆದ ತಿಂಗಳು ಹರಿಹರದಿಂದ ದಾವಣಗೆರೆಗೆ ಬರುವ ಬಸ್ಸಿನಲ್ಲಿ ನಿಮ್ಮ ಹಿಂದಿನ ಸೀಟಿನಲ್ಲೇ ಕೂತಿದ್ದೆ. ನಿಮ್ಮ ಮಗಳು ಅಜ್ಜಿಯ ಬಗ್ಗೆ ಏನೋ ಕೇಳಿದಳು. "ನಿಮ್ಮಜ್ಜಿಗೆ ನಾನು ಬ್ಯಾಡಾಗಿದ್ದೆ ಬಿಡು. ಅದಕ್ಕೇ ಮಣ್ಣಿಗೂ ಹೋಗ್ಲಿಲ್ಲ," ಎಂದಿರಿ. ಕೈ ಚಾಚಿದರೆ ನಿಮ್ಮ ಭುಜ ಸಿಗುತ್ತಿತ್ತು. ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟೆ. ಥೂ, ನನ್ನ ಜನ್ಮಕ್ಕಿಷ್ಟು!

ಆ ಡಬ್ಬಿ ನನ್ನಲ್ಲೇ ಇದೆ. ಅದರಲ್ಲಿ ನಾವು ಏನನ್ನೂ ಹಾಕಿಲ್ಲ. ರಿಜಿಸ್ಟರಿನಲ್ಲಿ ನೀವು ಬರೆದ ಆನೆಕೊಂಡದ ವಿಳಾಸವೂ ನೆನಪಿದೆ. ನಾಳೆ ಬರುತ್ತೇನೆ. ಬಾಯಿ ಕಟ್ಟಿದರೆ ಕೈಗೆ ಕೊಡೋಣವೆಂದು ಇದನ್ನು ಬರೆದಿಟ್ಟುಕೊಂಡಿದ್ದೇನೆ. ನನ್ನನ್ನು ಒಳಗೆ ಕರೆಯಬೇಡಿ. ನಿಮ್ಮ ಮಗಳನ್ನು ಮಾತ್ರ ಬಾಗಿಲಿಗೆ ಕರೆಯಿರಿ. ಅವಳೆದುರಿಗೇ ಹೇಳಬೇಕು — ನಿಮ್ಮಜ್ಜಿ ಕೇಳಿದ್ದರು ತಾಯಿ. ಬಂದರೆ ಬಿಡಪ್ಪಾ ಅಂದಿದ್ದರು.