ಮೂರು ಗಂಟು ಮತ್ತು ತುಂಬಿದ ಡಿಸ್ಕ್

ಈ ಬೆಳಿಗ್ಗೆ ನನ್ನ ಲ್ಯಾಪ್‌ಟಾಪು ‘ಡಿಸ್ಕಿನಲ್ಲಿ ಜಾಗವಿಲ್ಲ’ ಎಂದಿತು. ಕೂಡಲೇ ಬಿಸಿಯಾದ ಹತ್ತಿಧೂಳಿನ ವಾಸನೆ ಬಂತು. ನನ್ನ ಕೋಣೆಯಲ್ಲಿ ಹತ್ತಿ ಇಲ್ಲ. ವಾಸನೆ ತಮಿಳು ಸೀಮೆಯ ಸೋಮನೂರಿನದು, ಚಿಕ್ಕಪ್ಪನ ಮಗ್ಗದ ಶೆಡ್ಡಿನದು. ಅಲ್ಲಿನ ಕಂಪ್ಯೂಟರಿನ ಫ್ಯಾನು ತಿರುಗಿದರೆ ಹಾಗೆ ನಾರುತ್ತಿತ್ತು.

ಅದರಲ್ಲಿ ಚಿಕ್ಕಮ್ಮ ಸೀರೆ ಅಂಚಿನ ಡಿಸೈನು ಮಾಡುತ್ತಿದ್ದರು. ಕೆಲ ವರ್ಷದ ಹಿಂದೆ ಅದು ತೂಕಡಿಸತೊಡಗಿತ್ತು; ಸರಿಮಾಡಲು ನಾನು ಹೋಗಿದ್ದೆ. ಸಿದ್ಧವಾಗಿ ಸಿಗುವ ಆಪರೇಟಿಂಗ್ ಸಿಸ್ಟಮ್ ಹಾಕಿದ್ದರೆ ಕಾಫಿ ಆರುವುದರೊಳಗೆ ಮುಗಿಯುತ್ತಿತ್ತು. ನನಗೆ ಅದು ಅವಮಾನ. ಸೋರ್ಸ್ ಕೋಡ್, ಅಂದರೆ ಮೂಲ ಸಂಕೇತ ತಂದು, ಈ ಯಂತ್ರದಲ್ಲೇ, ಇದಕ್ಕೆಂದೇ ಹೊಸದಾಗಿ ಕಟ್ಟುತ್ತೇನೆ ಎಂದೆ. ನೂಲು ತಂದು ನೇಯುವ ಮನೆಯಲ್ಲಿ ಈ ಮಾತಿಗೆ ಮರ್ಯಾದೆ ಸಿಕ್ಕಿತು. ಮಧ್ಯಾಹ್ನದವರೆಗೆ. ಕಟ್ಟುವ ಕೆಲಸಕ್ಕೆ ಮುಗಿದ ಮಾಲಿಗಿಂತ ಎಷ್ಟೋ ಪಟ್ಟು ಜಾಗ ಬೇಕು. ಅರ್ಧದಲ್ಲಿ ಡಿಸ್ಕು ತುಂಬಿ ಎಲ್ಲ ನಿಂತಿತು. ಹುಡುಕಿದರೆ, ಜಾಗ ಹಿಡಿದು ಕೂತಿದ್ದದ್ದು ಅವರ ಮದುವೆಯ ವೀಡಿಯೊ. ಮುಹೂರ್ತ ಒಂದು ಭಾಗ, ಊಟ ಇನ್ನೊಂದು.

“ಒಂದು ಹೋಗ್ಬೇಕು,” ಎಂದೆ.

“ಸಾಪಾಡು ಅಳ್ಸು ಕಣ್ಣು. ಮಂದಿ ತಿನ್ನದ್ನ ಯಾರು ನೋಡ್ತಾರೆ?” ಎಂದರು ಚಿಕ್ಕಪ್ಪ. ಸಾಪಾಡು ಎಂದರೆ ಊಟ, ಕಣ್ಣು ಎಂದರೆ ನಾನು.

“ಸುಮ್ನಿರಿ,” ಎಂದರು ಚಿಕ್ಕಮ್ಮ. “ತಾಳಿ ಕತ್ತಲ್ಲೇ ಅದೆ, ಅದಕ್ಕೆ ವೀಡಿಯೊ ಏನಕ್ಕೆ? ಊಟಕ್ಕೆ ಕೂತವರಲ್ಲಿ ಪಾದಿ ಜನ, ಅರ್ಧಕ್ಕರ್ಧ, ಇವಾಗಿಲ್ಲ. ನಿಮ್ಮ ಅಕ್ಕನೇ ಇಲ್ಲ.”

“ಮೂರು ಗಂಟೂ ನಾನೇ ಹಾಕ್ದೆ ಅನ್ನದಕ್ಕೆ ಅದೊಂದೇ ಸಾಟ್ಚಿ.”

“ಒಂದು ಹಾಕಿದ್ರಿ. ಅದೂ ಸಡಿಲ.”

ಮೊದಲ ಗಂಟು ಗಂಡು, ಉಳಿದೆರಡು ಅವನ ಸೋದರಿ ಹಾಕುವುದು ಅಲ್ಲಿನ ವಾಡಿಕೆ. ಮೂರನ್ನೂ ತಾವೇ ಬಿಗಿದೆವೆಂಬುದು ಚಿಕ್ಕಪ್ಪನ ಬದುಕಿನ ಏಕೈಕ ಕ್ರಾಂತಿ. ಆದರೆ ಕಂಪ್ಯೂಟರು ಚಿಕ್ಕಮ್ಮನದು. ಮುಹೂರ್ತ ಹೋಯಿತು, ಸಿಸ್ಟಮ್ ಎದ್ದು ನಿಂತಿತು.

ಪೆನ್‌ಡ್ರೈವಿಗೆ ಹಾಕಿಡಬಹುದಿತ್ತಲ್ಲ ಎನ್ನುತ್ತೀರಿ. ಆ ಕಿಂಡಿಯಲ್ಲಿ ಹತ್ತಿಧೂಳು ಗಟ್ಟಿಯಾಗಿತ್ತು. ಇಲ್ಲವೇ ನನಗೆ ಹೊಳೆಯಲಿಲ್ಲ. ನೆನಪು ಎರಡನ್ನೂ ಒಂದೇ ಮುಖ ಮಾಡಿಕೊಂಡು ಹೇಳುತ್ತದೆ.

ಅಂದಿನಿಂದ ನಾನು ಹೋದಾಗಲೆಲ್ಲ ಚಿಕ್ಕಪ್ಪ, “ಕಡೇಲಿ ನೋಡ್ದವನು ನೀನು. ಹೇಳು ಕಣ್ಣು,” ಎನ್ನುತ್ತಾರೆ. ದೋಸೆ ಹಾಕುತ್ತಾ ಚಿಕ್ಕಮ್ಮನೂ ನನ್ನನ್ನೇ ನೋಡುತ್ತಾರೆ. ನಾನು ಚಟ್ನಿ ಕೇಳುತ್ತೇನೆ. ಅಳಿಸುವ ಮುನ್ನ ನೋಡಿದ್ದೆ, ನಿಜ. ತಾಳಿಯ ಹೊತ್ತಿಗೆ ಪರದೆ ತುಂಬ ಯಾರದೋ ನೀಲಿ ಅಂಗಿಯ ಬೆನ್ನು. ಬೆನ್ನು ಸರಿದಾಗ ಅಕ್ಷತೆ ಬಿದ್ದು ಮುಗಿದಿತ್ತು. ಆ ಬೆನ್ನೂ ಬೇರೆ ಮದುವೆಯದಿರಬಹುದು.

ಇವತ್ತು ಅಳಿಸಲು ಏನಿದೆ ಎಂದು ಹುಡುಕಿದರೆ ಸಿಕ್ಕಿದ್ದು, ಆಮೇಲೆಂದೋ ತಂದುಕೊಂಡಿದ್ದ ಊಟದ ಭಾಗ. ತೆರೆದೆ. ಎಲೆಯ ಮುಂದೆ ಚಿಕ್ಕಪ್ಪನ ಅಕ್ಕ, ಪಕ್ಕದವರಿಗೆ ಏನೋ ಹೇಳಿ ನಗುತ್ತಾ ಬೆರಳು ತಿರುಗಿಸುತ್ತಿದ್ದಾರೆ. ಮಾತು ವಾದ್ಯದಲ್ಲಿ ಮುಳುಗಿದೆ. ಗಂಟು ಹಾಕಿದ್ದನ್ನು ತೋರಿಸುತ್ತಿದ್ದಾರೋ, ಅನ್ನ ಕಲಸುತ್ತಿದ್ದಾರೋ.

ಜಾಗಕ್ಕಾಗಿ ನನ್ನ ಸಿಸ್ಟಮಿನ ಮೂಲ ಸಂಕೇತವನ್ನೇ ಅಳಿಸಿ, ಸೋಮನೂರಿಗೆ ಫೋನ್ ಮಾಡಿದೆ. “ಚಿಕ್ಕಪ್ಪ, ಹೊಸ ಸಾಕ್ಷಿ ಸಿಕ್ಕಿದೆ.”

“ಸಾಟ್ಚಿಯಾ?” ಎಂದು ಅವರು ಕೂಗಿದರು. ಹಿಂದಿನಿಂದ ಚಿಕ್ಕಮ್ಮನ ದನಿ: “ಯಾರ ಕಡೆ?”