ಹಿಮ್ಮಡಿ ನೆಲ ಬಿಡದ ಅಡುಗೆಮನೆ

ಭೀಮನಬೀಡಿನ ಪುಟ್ಟಮಾದಮ್ಮನವರ ಹಿತ್ತಲಲ್ಲಿ ಬೆಳಗಿನ ಆರೂಕಾಲು ಗಂಟೆ. ಮಗುಚಿದ ಬಾಂಡ್ಲಿಯ ಮೇಲೆ ಕೂತ ನಾಗಮಣಿ ಸುಮ್ಮನೆ ನೋಡುತ್ತಿದ್ದಾರೆ. ಕರಣೆ ಇನ್ನೂ ಚೀಲದಿಂದ ಹೊರಗೆ ಬಂದಿಲ್ಲ. ಗಾರೆ ಕೆಲಸಕ್ಕೆ ಬಂದವಳು ಮೈಗಳ್ಳತನ ಮಾಡುತ್ತಿದ್ದಾಳೆ ಎಂದು ಯಾರಾದರೂ ಅಂದುಕೊಂಡಾರು. ಆದರೆ ಗುಂಡ್ಲುಪೇಟೆಯಿಂದ ಮೊದಲ ಬಸ್ಸು ಹಿಡಿದು ಅವರು ಬಂದಿರುವುದೇ ಇದಕ್ಕೆ: ಪುಟ್ಟಮಾದಮ್ಮ ರಾಗಿ ಹಿಟ್ಟು ತಿರುವುವುದನ್ನು ನೋಡಲು.

ಪುಟ್ಟಮಾದಮ್ಮ ಮಣೆಯ ಮೇಲೆ ಕೂತಿದ್ದಾರೆ. ಮಡಚಲಾಗದ ಎಡಗಾಲು ಉದ್ದಕ್ಕೆ ಚಾಚಿದೆ. ಬಲಗಾಲಲ್ಲಿ ಕವೆಗೋಲು ಒತ್ತಿ, ಪಾತ್ರೆ ಅಲುಗದಂತೆ ಹಿಡಿದು, ಎರಡೂ ಕೈಯಲ್ಲಿ ಹಿಟ್ಟಿನ ಕೋಲು ತಿರುವುತ್ತಾರೆ. ಸುತ್ತಿಗೊಂದು ನರಳಿಕೆ. ಅರವತ್ತೆಂಟು ವರ್ಷದ ಈ ಮಂಡಿಯ ಸಲುವಾಗಿಯೇ ಮಗ ರಾಜಣ್ಣ ನಿಂತು ಬೇಯಿಸುವ ಅಡುಗೆಮನೆ ಮಾಡಿಸುತ್ತಿದ್ದಾರೆ. ಬಂಡೀಪುರದಲ್ಲಿ ಅರಣ್ಯ ಇಲಾಖೆಯ ವಾಚರ್ ಆಗಿರುವ ಅವರು ಇದಕ್ಕೆಂದು ಕೂಡಿಟ್ಟದ್ದು ನಲವತ್ತು ಸಾವಿರ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಸೊಸೆ ಭವ್ಯ ಎಂಟರ ಬಸ್ಸಿಗೆ ಕೆಲಸಕ್ಕೆ ಓಡುವವರಾದ್ದರಿಂದ ಬೆಳಗಿನ ಹಿಟ್ಟು ಅತ್ತೆಯದೇ. ಅದನ್ನು ಬಿಟ್ಟುಕೊಡಲು ಪುಟ್ಟಮಾದಮ್ಮನಿಗೂ ಮನಸ್ಸಿಲ್ಲ. 'ಇಟ್ಟು ತಿರುವೋ ಗಂಟ ಈ ಮನೇಲಿ ನಂದೂ ಒಂದು ಮಾತು ನಡೀತದೆ. ಅದೂ ಓದ್ರೆ ಮೂಲೇಲಿ ಕೂತ್ಕಬೇಕಾಯ್ತದೆ ಕಣವ್ವ' ಎನ್ನುತ್ತಾರೆ.

ಹಿಟ್ಟಂ ತಿಂದಂ ಬೆಟ್ಟಂ ಕಿತ್ತಂ ಎಂದು ನಮ್ಮ ಗಂಡಸರು ಮೀಸೆ ತಿರುವುತ್ತಾರೆ. ಆ ಹಿಟ್ಟು ತಿರುವಿದವರ ರಟ್ಟೆ ಏನಾಯಿತೆಂದು ಗಾದೆ ಕೇಳುವುದಿಲ್ಲ. ಅಡುಗೆಮನೆ ಕಟ್ಟುವ ಮೇಸ್ತ್ರಿಗಳೂ ಕೇಳುವುದಿಲ್ಲ. ಕಟ್ಟೆ ಎಂದರೆ ಮೂವತ್ತಮೂರು ಇಂಚು, ಮುಗಿಯಿತು. ಚಹಾಕ್ಕೆ, ಒಗ್ಗರಣೆಗೆ ಆ ಎತ್ತರ ಸರಿ. ಹಿಟ್ಟಿಗೆ ಮಾತ್ರ ಮೇಲಿಂದ ಮೈಭಾರ ಬಿಟ್ಟು ತಿರುವಬೇಕು; ಕಟ್ಟೆ ಎತ್ತರವಾದರೆ ಕೋಲು ಎದೆಗೆ ಬರುತ್ತದೆ, ಹಿಟ್ಟು ಗಂಟಾಗುತ್ತದೆ.

ನಾಗಮಣಿ ಇದನ್ನು ಕಲಿತದ್ದು ಕೈಯಾರೆ ಕೆಡಿಸಿ. ಹನ್ನೊಂದು ವರ್ಷ ಅವರು ಬಾಂಡ್ಲಿ ಹೊತ್ತ ಹೆಣ್ಣಾಳು. ಮೇಸ್ತ್ರಿ ದೊಡ್ಡಮಲ್ಲಪ್ಪ ಕೈ ಮುರಿದುಕೊಂಡಾಗ ಅರ್ಧಕ್ಕೆ ನಿಂತ ಗೋಡೆಯನ್ನು, ಅವರು ಕೂತಲ್ಲಿಂದ ಹೇಳಿದಂತೆ, ಕಟ್ಟಿ ಮುಗಿಸಿದರು. ಕರಣೆ ಹಿಡಿದ ಕೈ ಮತ್ತೆ ಬಾಂಡ್ಲಿಗೆ ಹೋಗಲಿಲ್ಲ. ಸ್ವಂತವಾಗಿ ಒಪ್ಪಿಕೊಂಡ ಮೊದಲ ಕೆಲಸ ಸಂತೆಮರಹಳ್ಳಿಯ ಚಿಕ್ಕಮಲ್ಲಮ್ಮನವರ ಅಡುಗೆಮನೆ. ಮೂವತ್ತಮೂರು ಇಂಚಿನ ಕಟ್ಟೆ, ಥಳಥಳ ಹೊಳೆಯುವ ಟೈಲ್ಸು. ಆರು ತಿಂಗಳ ಮೇಲೆ ಆ ದಾರಿಯಲ್ಲಿ ಬಂದ ನಾಗಮಣಿ ಒಳಗೆ ಹೋಗಿ ನೋಡಿದರೆ ಕಟ್ಟೆಯ ಮೇಲೆ ಡಬ್ಬಗಳ ಸಾಲು. ಚಿಕ್ಕಮಲ್ಲಮ್ಮ ಅದರ ಬುಡದಲ್ಲೇ ನೆಲಕ್ಕೆ ಕೂತು ಹಿಟ್ಟು ತಿರುವುತ್ತಿದ್ದಾರೆ.

'ಬೈದಿದ್ರೆ ಸಮಾಧಾನ ಆಯ್ತಿತ್ತು' ಎನ್ನುತ್ತಾರೆ ನಾಗಮಣಿ. 'ಕಾಪಿ ಕೊಟ್ಟು, ಬಾಳ ಚೆನ್ನಾಗದೆ ಕಣವ್ವ ಅಂದ್ಬುಟ್ರು. ಮೂರು ದಿಸ ನಂಗೆ ಅನ್ನ ಸೇರ್ನಿಲ್ಲ.'

ಅಂದಿನಿಂದ ಅವರು ಕಟ್ಟೆಯನ್ನು ಎರಡು ಮೆಟ್ಟಿಲಾಗಿ ಕಟ್ಟುತ್ತಾರೆ. ಎತ್ತರದ್ದರ ಮೇಲೆ ಗ್ಯಾಸ್ ಒಲೆ, ತಗ್ಗಿನದು ಹಿಟ್ಟು ತಿರುವುವುದಕ್ಕೆ. ನಿಂತವರು ಕವೆಗೋಲು ತುಳಿಯಲಾರರಲ್ಲ, ಅದಕ್ಕೆ ಪಾತ್ರೆ ಜಾರದಂತೆ ತಡೆಯಲು ಕಂಬಿಯ ತುಂಡೊಂದನ್ನು ಬಗ್ಗಿಸಿ ಗೋಡೆಗೆ ಹೂಳುತ್ತಾರೆ. ಉದ್ದದ ಒಂದೇ ಹಾಸು ಬೇಡವಾದ್ದರಿಂದ ಚಾಮರಾಜನಗರದ ಕಡೆಯ ಕರಿಕಲ್ಲು ಕಾರ್ಖಾನೆಗಳಲ್ಲಿ ಕೊಯ್ದು ಉಳಿದ ತುಂಡುಗಳೇ ಸಾಕು, ಕಾಸೂ ಉಳಿಯುತ್ತದೆ. ಒಂಬತ್ತು ವರ್ಷದಲ್ಲಿ, ಇದೂ ಸೇರಿ, ಅರವತ್ತಮೂರು ಅಡುಗೆಮನೆ ಆಗಿವೆ. ಇಷ್ಟಾದರೂ ಹೊಸ ಮನೆಗೆ ಹೋದಾಗ 'ಮೇಸ್ತ್ರಿ ಎಲ್ಲವ್ವ?' ಎಂದು ಅವರ ಬೆನ್ನ ಹಿಂದೆ ಹುಡುಕುವವರು ಇದ್ದೇ ಇದ್ದಾರೆ.

ತಗ್ಗಿನ ಕಟ್ಟೆಗೆ ಪುಟ್ಟಮಾದಮ್ಮನವರ ಅಳತೆಯನ್ನು ವಾರದ ಹಿಂದೆಯೇ ತೆಗೆದದ್ದಾಗಿದೆ. ಅಂದು ಟೇಪು ಹಿಡಿದು ಪಕ್ಕದಲ್ಲಿ ನಿಂತವರು ರಾಜಣ್ಣ. ಇಟ್ಟಿಗೆ ಪೇರಿಸಿ, 'ಇಷ್ಟು ಎತ್ರ ಸಾಕಲ್ವಾ ಅವ್ವ?' ಎಂದರು. 'ಸಾಕು ಮಗ, ಸರ್ಯಾಗದೆ' ಎಂದರು ತಾಯಿ. ಕಲ್ಲು ಕೂತದ್ದು ನಿನ್ನೆ ಸಂಜೆ. ಆದರೆ ನಾಗಮಣಿಗೆ ರಾತ್ರಿಯೆಲ್ಲ ಆ 'ಸರ್ಯಾಗದೆ' ಕಿವಿಯಲ್ಲಿ ಕೊರೆಯುತ್ತಿತ್ತಂತೆ. ರಾಜಣ್ಣ ಕಾಡಿಗೆ ಡ್ಯೂಟಿಗೆ ಹೋಗಿರುವ ಈ ಬೆಳಗಿನಲ್ಲಿ ಬಂದು ಕೂತಿರುವುದು ಅದಕ್ಕೇ.

ಹಿಟ್ಟು ಮುಗಿದ ಮೇಲೆ ಅವರು ಪುಟ್ಟಮಾದಮ್ಮನನ್ನು ಒಳಗೆ ಕರೆದೊಯ್ದು ಹೊಸ ಕಲ್ಲಿನ ಮುಂದೆ ನಿಲ್ಲಿಸುತ್ತಾರೆ. ಕಲ್ಲಿಗೆ ಭಾರ ಬೀಳದಂತೆ ಖಾಲಿ ಪಾತ್ರೆಯನ್ನು ಮೆಲ್ಲಗೆ ಇಟ್ಟು, ಕೋಲು ಕೊಟ್ಟು, ಸುಮ್ಮನೆ ತಿರುವಿದಂತೆ ಮಾಡಲು ಹೇಳುತ್ತಾರೆ. ಎಲ್ಲರೂ ಕೈ ನೋಡಿದರೆ ನಾಗಮಣಿ ಕಾಲು ನೋಡುತ್ತಾರೆ. ಪುಟ್ಟಮಾದಮ್ಮನ ಎರಡೂ ಹಿಮ್ಮಡಿ ನೆಲ ಬಿಟ್ಟು ಮೇಲೆದ್ದಿವೆ.

'ದೊಡ್ಡವ್ವ, ಅವತ್ಯಾಕೆ ಸರ್ಯಾಗದೆ ಅಂದೆ?'

'ಕಾಡಲ್ಲಿ ಅಗ್ಲು ರಾತ್ರಿ ನಿಂತು ದುಡ್ದಿರೋ ದುಡ್ಡು ಕಣಮ್ಮಿ. ಅಷ್ಟು ಆಸೆಯಿಂದ ಮಾಡುಸ್ತಾವ್ನೆ. ಅಂಗಿರ್ಲಿ, ಇಂಗಿರ್ಲಿ ಅಂತ ಯಾವ ಬಾಯಲ್ಲಿ ಯೋಳನ? ಇರ್ಲಿ ಬುಡು, ಒಂದು ಅಲಗೆ ಆಕಂದು ನಿಂತ್ಕತೀನಿ.'

ಹಲಗೆಯ ಮಾತಿಗೆ ನಾಗಮಣಿ ಒಪ್ಪುವುದಿಲ್ಲ. ಈ ಮಂಡಿ ಹಲಗೆಯಿಂದ ಒಮ್ಮೆ ಜಾರಿದರೆ ಅಡುಗೆಮನೆಯೂ ಇಲ್ಲ, ಅಡುಗೆಯೂ ಇಲ್ಲ. ಉಳಿದಿರುವುದು ಕೂತ ಕಲ್ಲನ್ನು ಎಬ್ಬಿಸುವ ದಾರಿ. ಎಬ್ಬಿಸುವಾಗ ಸೀಳಿದರೆ ಅಷ್ಟಗಲದ ಇನ್ನೊಂದು ತುಂಡು ಸಿಗುವ ಖಾತ್ರಿಯಿಲ್ಲ, ತರಲು ಕಾಸೂ ಉಳಿದಿಲ್ಲ. ಗಾರೆ ಇನ್ನೂ ಹಸಿ ಎಂಬುದೊಂದೇ ಧೈರ್ಯ. ಕಂಬಿ ಕಟ್ಟುವ ತಂತಿಯನ್ನು ಕಲ್ಲಿನ ಅಡಿಗೆ ತೂರಿಸಿ ಒಂದು ತುದಿ ತಾವು ಹಿಡಿಯುತ್ತಾರೆ, ಇನ್ನೊಂದನ್ನು ಪುಟ್ಟಮಾದಮ್ಮನ ಕೈಗೆ ಕೊಡುತ್ತಾರೆ. ಅವರೆಳೆದರೆ ಇವರು ಸಡಿಲ, ಇವರೆಳೆದರೆ ಅವರು ಸಡಿಲ. ಮುಕ್ಕಾಲು ಗಂಟೆ ತಂತಿ ಗರಗಸದಂತೆ ಹಸಿ ಗಾರೆಯನ್ನು ಕೊಯ್ಯುತ್ತದೆ. ಕಲ್ಲು ಇಡಿಯಾಗಿ ಬಿಟ್ಟುಕೊಂಡಾಗ ಪುಟ್ಟಮಾದಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕೇಬಿಡುತ್ತಾರೆ. ಒಂದು ವರಸೆ ಇಟ್ಟಿಗೆ ತೆಗೆದು ಕಲ್ಲನ್ನು ಮತ್ತೆ ಕೂರಿಸುವಷ್ಟರಲ್ಲಿ ಸಂಜೆ. ಈ ದಿನದ ಕೂಲಿಯನ್ನು ನಾಗಮಣಿ ಕೇಳುವುದಿಲ್ಲ.

ಗಾರೆ ಒಣಗಿದ ಮೇಲಿನ ಭಾನುವಾರ ರಾಜಣ್ಣನಿಗೆ ರಜೆ. ಮನೆಯವರೆಲ್ಲ ಅಡುಗೆಮನೆಯಲ್ಲೇ ಇದ್ದಾರೆ. ತಗ್ಗಿನ ಕಲ್ಲಿನ ಮೇಲೆ ಟೇಪು ಇಟ್ಟು ನೋಡಿದ ರಾಜಣ್ಣನ ಹುಬ್ಬು ಗಂಟಾಗುತ್ತದೆ.

'ಏನ್ ನಾಗಮಣಿಯಕ್ಕ, ಅಳತೆ ತಪ್ಬುಟ್ಯಾ?'

'ಊಂ ಕಣಣ್ಣ, ನಂದೇ ತಪ್ಪು' ಎಂದುಬಿಡುತ್ತಾರೆ ನಾಗಮಣಿ.

ಪುಟ್ಟಮಾದಮ್ಮ ಬೆನ್ನು ತಿರುಗಿಸಿ ಹಿಟ್ಟು ತಿರುವುತ್ತಿದ್ದಾರೆ. ಹಿಮ್ಮಡಿ ಎರಡೂ ನೆಲದ ಮೇಲಿವೆ, ನರಳಿಕೆಯಿಲ್ಲ. ಕೋಲು ನಿಲ್ಲಿಸದೆ, ತಿರುಗಿಯೂ ನೋಡದೆ ಅವರು ಹೇಳುತ್ತಾರೆ: 'ಅವ್ಳದ್ದಲ್ಲ ಕಣ್ಲಾ ತಪ್ಪು. ನೀ ಇಟ್ಟ ಎತ್ರ ನಂಗೆ ಎಟುಕ್ತಿರ್ನಿಲ್ಲ. ನಾನೇ ಸುಳ್ಳು ಯೋಳಿದ್ದೆ.'

ರಾಜಣ್ಣ ಟೇಪು ಸುತ್ತಿಕೊಂಡು, 'ಅವತ್ತೇ ಯೋಳದಲ್ವಾ ಅವ್ವ' ಎನ್ನುತ್ತಾರೆ, ತಗ್ಗಿದ ದನಿಯಲ್ಲಿ.

ಹೊರಗೆ ಜಗಲಿಯಲ್ಲಿ ಬಿಸಿ ಮುದ್ದೆ ಮುರಿಯುತ್ತ ಕೂತ ನಾಗಮಣಿಯನ್ನು ಮುಂದಿನ ಆಸೆ ಏನೆಂದು ಕೇಳಿದರೆ, ತುತ್ತನ್ನು ಸಾರಲ್ಲಿ ಅದ್ದಿ ನುಂಗಿದ ಮೇಲೆ ಹೇಳುತ್ತಾರೆ:

'ಅರವತ್ತಮೂರು ಅಡುಗೆಮನೆ ಕಟ್ಟಿವ್ನಿ. ಎತ್ರ ಆಯ್ತು ಅಂತ ಮಗನ ಮುಂದೆ ಬಾಯ್ಬುಟ್ಟು ಯೋಳ್ದೋರು ಈವಮ್ಮ ಒಬ್ರೇ. ಮುಂದಿನ ಮನೆಯವ್ವ ಕಲ್ಲು ಕೂರ್ಸಕ್ಕೆ ಮುಂಚೇನೇ ಯೋಳ್ಬುಟ್ರೆ, ಅಷ್ಟು ಸಾಕು ನಂಗೆ.'