ಬಾಣಂತನದ ಹನ್ನೆರಡು ಸಾವಿರ

ಮೀನಾಕ್ಷಿಗೆ ಹೆರಿಗೆಯ ಭಯವಿರಲಿಲ್ಲ. ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಅದು ಹೇಗೋ ಆಗುತ್ತಿತ್ತು. ಚಿಂತೆ ಇದ್ದದ್ದು ಬಾಣಂತನದ್ದು. ತವರಿಗೆ ಹೋಗೋಣವೆಂದರೆ ಸಿರುಗುಪ್ಪ ಕಡೆಯ ಕರೂರಿನಲ್ಲಿ ಈಗ ಯಾರೂ ಇಲ್ಲ. ತಂದೆ ಅವಳು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ. ಗದ್ದೆ ಕೂಲಿ ಮಾಡಿ ಸಾಕಿದ ತಾಯಿ ಹೊನ್ನೂರಮ್ಮ ತೀರಿಹೋಗಿ ಎರಡು ವರ್ಷವಾಗಿತ್ತು. ಅವರಿದ್ದ ಬಾಡಿಗೆ ಮನೆಗೆ ಬೇರೆಯವರು ಬಂದಿದ್ದರು. ಅತ್ತೆಯೂ ಇರಲಿಲ್ಲ.

ಗಂಡ ವಿರೂಪಾಕ್ಷಿ ಸಿರುಗುಪ್ಪದ ಮಿಲ್ಲುಗಳಿಂದ ಬಳ್ಳಾರಿಯ ಬ್ರೂಸ್‌ಪೇಟೆಯ ಅಂಗಡಿಗಳಿಗೆ ಅಕ್ಕಿ ತರುವ ಗಾಡಿ ಓಡಿಸುತ್ತಿದ್ದ. ಮೀನಾಕ್ಷಿ ಮನೆಯಲ್ಲೇ ಕೂತು ಹೊಲಿದು ಬಂದ ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸುತ್ತಿದ್ದಳು. ಓಣಿಯಲ್ಲಿ ಬಾಣಂತಿಯರನ್ನು ನೋಡಿಕೊಳ್ಳುವ ಹೆಂಗಸೊಬ್ಬಳಿದ್ದಳು. ನಲವತ್ತು ದಿನ ತಾಯಿ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಲು ಹನ್ನೆರಡು ಸಾವಿರ ಕೇಳಿದಳು. ಗಂಡ ಹೆಂಡತಿ ಒಪ್ಪಿದರು. ಅವನು ಭಾನುವಾರವೂ ಗಾಡಿ ಹತ್ತಿದ, ಅವಳು ದಿನಕ್ಕೆ ಒಂದು ಗಂಟು ಪ್ಯಾಂಟು ಹೆಚ್ಚಿಗೆ ಇಳಿಸಿಕೊಂಡಳು. ಏಳನೇ ತಿಂಗಳಿಗೆ ದುಡ್ಡು ಕೂಡಿತು.

ಕೂಡಿದ ಮೇಲೆ ಅದನ್ನು ಆ ಹೆಂಗಸಿಗೆ ಕೊಡಲು ಮೀನಾಕ್ಷಿಗೆ ಮನಸ್ಸಾಗಲಿಲ್ಲ.

"ಯಾಕ, ಆಕಿ ಚೊಲೊ ಮಾಡಂಗಿಲ್ಲೇನು?" ಎಂದ ವಿರೂಪಾಕ್ಷಿ.

"ಚೊಲೊನ ಮಾಡ್ತಾಳಂತ. ಆದ್ರ ಆಕಿ ನಮ್ಮವ್ವನ್ನ ನೋಡಿಲ್ಲರಿ. ಅವ್ವನ್ನ ಕಂಡಾಕಿ ಕೈಲೇ ನೀರು ಹಾಕಿಸ್ಕೋಬೇಕು ಅನಸ್ತೈತಿ ನನಗ."

ಅವ್ವನ ಜೊತೆ ವರ್ಷಗಟ್ಟಲೆ ಭತ್ತದ ನಾಟಿಗೆ ಹೋಗುತ್ತಿದ್ದ ಯಂಕಮ್ಮ ಈಗ ಕುರುಗೋಡಿನಲ್ಲಿ ಮಗಳ ಮನೆಯಲ್ಲಿದ್ದಳು. ಮೀನಾಕ್ಷಿ ಹುಟ್ಟಿದಾಗ ಮೊದಲ ನೀರು ಹಾಕಿದವಳೂ ಅವಳೇ. ಮರುದಿನ ಮೀನಾಕ್ಷಿ ಕಂಡಕ್ಟರಿಗೆ ಆಧಾರ್ ಕಾರ್ಡ್ ತೋರಿಸಿ ಬಸ್ಸಿನಲ್ಲಿ ಕೂತಳು. ಹಣ ಸೆರಗಿನ ಗಂಟಿನಲ್ಲಿತ್ತು.

ಯಂಕಮ್ಮ ಮಂಚದಿಂದ ಏಳಲಿಲ್ಲ. ಹೋದ ವರ್ಷ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಮೀನಾಕ್ಷಿಗೆ ಅದು ಅಲ್ಲಿಯವರೆಗೆ ಗೊತ್ತಿರಲಿಲ್ಲ; ಬಂದ ಕೆಲಸವನ್ನು ಬಿಟ್ಟು ಮಂಚದ ತುದಿಯಲ್ಲಿ ಕೂತಳು. ಮುದುಕಿ ಅವಳ ಹೊಟ್ಟೆ ನೋಡಿ ತಾನೇ ತಿಳಿದುಕೊಂಡಳು.

"ನಿಮ್ಮವ್ವನೂ ಹಿಂಗ ಬಂದಿದ್ಲವ್ವ, ನೀ ಹೊಟ್ಟ್ಯಾಗಿದ್ದಾಗ. ಕೂಲಿ ಭತ್ತದಾಗ ವಾರಕ್ಕೊಂದು ಸೇರು ನನ್ನ ಮನ್ಯಾಗ ಇಡತಿದ್ಲು. ಅದನ್ನ ಮಾರಿ ಉಂಡಿಗೆ ಕೊಬ್ಬರಿ, ಅಂಟು, ಮೈಗೆ ಹಚ್ಚಾಕ ಒಳ್ಳೆಣ್ಣಿ ತಂದ್ವಿ."

ಮೀನಾಕ್ಷಿಗೆ ಇದು ಗೊತ್ತಿರಲಿಲ್ಲ. ಅವ್ವ ಹೇಳಿರಲಿಲ್ಲ, ಅವಳು ಕೇಳಿಯೂ ಇರಲಿಲ್ಲ. ಈಗ ಕೇಳಬೇಕೆನಿಸಿದ್ದು ಒಂದೆರಡಲ್ಲ.

"ಅವ್ವ ಅಂಜಿದ್ಲೇನು ದೊಡ್ಡವ್ವ?"

"ಅಂಜಿದ್ಲು. ನನ್ನ ಕೈ ಹಿಡಕೊಂಡು ಅತ್ತಿದ್ಲು. ಹೊರಗ ಬಂದು ಮಾರಿ ತೊಳಕೊಂಡು ಮತ್ತ ಗದ್ದಿಗೆ ಹೋದ್ಲು."

ಮೀನಾಕ್ಷಿ ಅಲ್ಲಿಯೇ, ಮುದುಕಿಯ ಮಡಿಲಲ್ಲಿ ತಲೆಯಿಟ್ಟು ಅತ್ತಳು.

ಹೊರಡುವಾಗ ಯಂಕಮ್ಮ ಅಂದಳು: "ಕೈ ಬರಂಗಿಲ್ಲ. ಬಾಯಿ ಐತಿ. ನಿನ್ನ ಗಂಡ ನೀರು ಹಾಕಿದ್ರ ನಾ ಕುಂತು ಹೇಳ್ತೀನಿ. ರೊಕ್ಕ ನನಗ ಬ್ಯಾಡ, ಹೊಟ್ಟಿಗೊಂದಿಷ್ಟು ಹಾಕ್ರಿ ಸಾಕು."

ಮೀನಾಕ್ಷಿ ಬಂದು ಇದನ್ನು ಹೇಳಿದಾಗ ವಿರೂಪಾಕ್ಷಿ ಎರಡು ದಿನ ಹಿಂದೆಮುಂದೆ ನೋಡಿದ. ಗಂಡಸು ಬಾಣಂತಿಗೆ ನೀರು ಹಾಕುವುದನ್ನು ಅವನು ಕಂಡಿರಲಿಲ್ಲ. ಮೂರನೇ ದಿನ ಗಾಡಿಯ ಮಾಲೀಕರ ಹತ್ತಿರ ಹೋಗಿ ಹೆರಿಗೆ ತಿಂಗಳಿಗೆ ರಜೆ ಕೇಳಿ ಬಂದ. ಸಂಬಳವಿಲ್ಲದ ರಜೆ. ಹನ್ನೆರಡು ಸಾವಿರ ಆ ತಿಂಗಳ ಬಾಡಿಗೆಗೆ, ಅಕ್ಕಿಬೇಳೆಗೆ, ಎಣ್ಣೆ ಕೊಬ್ಬರಿಗೆ ಸರಿಹೋಯಿತು.

ಹೆಣ್ಣು ಮಗು ಹುಟ್ಟಿತು. ಅವನು ಕುರುಗೋಡಿಗೆ ಹೋಗಿ ಯಂಕಮ್ಮನನ್ನು ಕರೆತಂದ. ಬಚ್ಚಲ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಅವಳು ಬೈಯುತ್ತಿದ್ದಳು, "ಮೆಲ್ಲಕ ಹಾಕಪ್ಪ, ಗಾಡಿ ತೊಳ್ಯಾಕ ಹತ್ತೀಯೇನು?" ಮೊದಲ ದಿನ ಅವನು ಅರ್ಧ ನೀರು ನೆಲಕ್ಕೇ ಚೆಲ್ಲಿದ. ವಾರ ಕಳೆಯುವಷ್ಟರಲ್ಲಿ ಕಾಲ ಮೇಲೆ ಕೂಸು ಮಲಗಿಸಿಕೊಂಡು ನೀರು ಹಾಕುವುದನ್ನೂ ಕಲಿತ.

ತಿಂಗಳು ತುಂಬಿದ ಮೇಲೆ ಯಂಕಮ್ಮ ಮಗಳ ಮನೆಗೆ ಮರಳಿದಳು, ವಿರೂಪಾಕ್ಷಿ ಮತ್ತೆ ಸಿರುಗುಪ್ಪದ ದಾರಿ ಹಿಡಿದ.

ನಾಲ್ಕನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಕೂಸು ತಾನಾಗಿಯೇ ಮಗ್ಗುಲಾಯಿತು. ಮೀನಾಕ್ಷಿ ಗಂಡನಿಗೆ ಫೋನ್ ಮಾಡಿ ಹೇಳಿದಳು, ಅವನು ಗಾಡಿ ನಿಲ್ಲಿಸಿ ನಕ್ಕ. ಯಂಕಮ್ಮನಿಗೂ ಹೇಳಿದಳು. ಆಮೇಲೂ ಫೋನು ಅವಳ ಕೈಯಲ್ಲೇ ಇತ್ತು. ಅವ್ವನಿಗೆ ಹೇಳುವುದು ಇನ್ನೂ ಉಳಿದಿತ್ತು.